ವರ್ಗಪದಗಳೂ ಅವುಗಳ ವಿವರಗಳೂ

ವೇಮಗಲ್ಲಿನ ಸುತ್ತಣ ಬೆಳೆಗಳನ್ನು ಕುರಿತು ವಿದ್ಯಾರ್ಥಿಗಳು ಒಂದು ಜಾಲತಾಣವನ್ನು ರಚಿಸಿರುವರೆಂದು ಭಾವಿಸೋಣ. ರಾಗಿಯನ್ನು ಕುರಿತ ಇಪ್ಪತ್ತು ಲೇಖನಗಳನ್ನು ‘ರಾಗಿ’ ಎಂಬ ವರ್ಗಪದವು ಒಟ್ಟುಗೂಡಿಸುತ್ತದೆ. ಇದರ ಶಾಸ್ತ್ರೀಯ ನಾಮ ‘ಎಲ್ಯೂಸಿನೆ ಕೊರಕಾನ’. ಇದನ್ನು ಪ್ರತಿಯೊಂದು ಲೇಖನದಲ್ಲಿಯೂ ಬರೆದರೆ, ಅಕ್ಷರದೋಷವೊಂದನ್ನು ತಿದ್ದಲು ಇಪ್ಪತ್ತು ಕಡೆ ಕೈಯಾಡಿಸಬೇಕು. ಒಂದೆಡೆ ಮರೆತರೂ ಓದುಗನಿಗೆ ಎರಡು ಹೆಸರುಗಳು ಕಾಣುವುವು. ಯಾವುದು ಸರಿಯೆಂದು ಅವನು ತಿಳಿಯುವುದು ಹೇಗೆ?

ಪಾದರಸದ ಸಾಂದ್ರತೆಯನ್ನು ನಾವು ಪ್ರತಿಯೊಂದು ಸೀಸೆಯ ಮೇಲೂ ಬರೆಯುವುದಿಲ್ಲ. ಕೋಷ್ಟಕದಲ್ಲಿ ಅದರ ಹೆಸರಿನ ಮುಂದೆ ಒಮ್ಮೆ ಬರೆದಿಡುತ್ತೇವೆ. ಅಂತೆಯೇ ಶಾಸ್ತ್ರೀಯ ನಾಮವು ಬೆಳೆಗೆ ಸೇರಿದ ವಿವರವಾದುದರಿಂದ, ವರ್ಗಪದಕ್ಕೇ ಒಂದು ‘ಕ್ಷೇತ್ರ’ವನ್ನು, ಎಂದರೆ ವಿವರ ತುಂಬುವ ಖಾನೆಯನ್ನು, ಜೋಡಿಸಬೇಕು. ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ 2015ರ ಡಿಸೆಂಬರಿನಲ್ಲಿ ಬಂದ 4.4ನೆಯ ಆವೃತ್ತಿಯಿಂದ ಇದಕ್ಕೆಂದೇ ಪ್ರತ್ಯೇಕ ಕೋಷ್ಟಕವುಂಟು.

ಈ ಮೌಲ್ಯವನ್ನು ಪುಟದಲ್ಲಿ ತೋರಿಸುವುದಕ್ಕೆ ಮೂರು ಹೆಜ್ಜೆಗಳು. ಮೊದಲು, ಲೇಖನಕ್ಕೆ ಸೇರಿದ ವರ್ಗಪದವನ್ನು ಕಂಡು ಅದರ ಗುರುತುಸಂಖ್ಯೆಯನ್ನು ಪಡೆಯಬೇಕು. ಬಳಿಕ ಆ ಸಂಖ್ಯೆಯನ್ನೂ ಕ್ಷೇತ್ರದ ಹೆಸರನ್ನೂ ‘ಗೆಟ್ ಟರ್ಮ್ ಮೆಟಾ’ ಎಂಬ ಆದೇಶಕ್ಕೆ ಒಪ್ಪಿಸಿ, ಒಂದೇ ಮೌಲ್ಯ ಸಾಕೆಂದು ಸೂಚಿಸಬೇಕು. ಸೂಚಿಸದಿದ್ದರೆ ಪಟ್ಟಿಯೇ ಬರುವುದು. ಕೊನೆಗೆ, ಮೌಲ್ಯವು ಬರಿದಾಗಿಲ್ಲದಿದ್ದರೆ ಮಾತ್ರ ಅದನ್ನು ಮುದ್ರಿಸಬೇಕು. ಇಲ್ಲವಾದರೆ ‘ಶಾಸ್ತ್ರೀಯ ನಾಮ’ ಎಂಬ ತಲೆಬರಹದ ಕೆಳಗೆ ಏನೂ ಇರದು.

ಹೊಸಬರು ಅನೇಕ ವೇಳೆ ವರ್ಗಪದದ ಸಂಖ್ಯೆಗೆ ಬದಲಾಗಿ ಲೇಖನದ ಸಂಖ್ಯೆಯನ್ನು ಕೊಡುತ್ತಾರೆ. ಆಗ ಉತ್ತರವು ಬರಿದಾಗಿರಬಹುದು; ಅದೇ ಸಂಖ್ಯೆಯ ಬೇರೊಂದು ವರ್ಗಪದವಿದ್ದರೆ ರಾಗಿಯ ಪುಟದಲ್ಲಿ ಮಾವಿನ ಹೆಸರು ಮೂಡಬಹುದು. ಎರಡನೆಯದೇ ಹೆಚ್ಚು ಅಪಾಯಕರ. ನೋಡುವವರಿಗೆ ಅದು ತಪ್ಪೆಂದು ತೋರುವುದಿಲ್ಲ.

ವಾಚಕರು ಇದನ್ನು ಯೋಚಿಸಲಿ: ಒಂದು ಹೊಲದ ಈ ವರ್ಷದ ಇಳುವರಿಯನ್ನು ‘ರಾಗಿ’ ಎಂಬ ವರ್ಗಪದಕ್ಕೆ ಸೇರಿಸಬಹುದೆ, ಇಲ್ಲವೆ ಆ ಹೊಲವನ್ನು ಕುರಿತ ಲೇಖನಕ್ಕೆ ಸೇರಿಸಬೇಕೆ?