ಹಳೆಯ ಗಣಕಕ್ಕೆ ಹೊಸ ಬಾಳು

ಕೊಂಡ ಹೊಸದರಲ್ಲಿ ಚುರುಕಾಗಿದ್ದ ಲ್ಯಾಪ್‌ಟಾಪ್ ಕೆಲವು ವರ್ಷಗಳು ಕಳೆಯುವುದರೊಳಗೆ ನಿಧಾನವಾಗುವುದು ಅನೇಕರ ಅನುಭವ. ಗುಂಡಿಯನ್ನು ಒತ್ತಿದ ಮೇಲೆ ಪರದೆ ಸಿದ್ಧವಾಗಲು ಹಲವು ನಿಮಿಷಗಳು ಹಿಡಿಯುತ್ತವೆ. ಎರಡು ಕೆಲಸಗಳನ್ನು ಒಟ್ಟಿಗೆ ವಹಿಸಿದರೆ ಯಂತ್ರ ಮುಗ್ಗರಿಸುತ್ತದೆ. ಅದಕ್ಕೆ ಮುಪ್ಪು ಬಂದಿತೆಂದು ಭಾವಿಸಿ ಮೂಲೆಗೆ ಹಾಕುವವರು ಬಹಳ ಮಂದಿ. ಆದರೆ ಗಾಡಿಯ ಕಡೆಗೀಲು ಸವೆಯಿತೆಂದು ಯಾವ ರೈತನೂ ಗಾಡಿಯನ್ನೇ ಒಲೆಗೆ ಹಾಕುವುದಿಲ್ಲ. ಲ್ಯಾಪ್‌ಟಾಪ್ ಸಹ ಹಲವು ಭಾಗಗಳು ಕೂಡಿ ಆದ ಯಂತ್ರ. ಅವುಗಳಲ್ಲಿ ಹಿಂದೆ ಬಿದ್ದಿರುವುದು ಯಾವುದೆಂದು ಅರಿತು, ಅದನ್ನು ಮಾತ್ರ ಬದಲಿಸುವುದು ವಿವೇಕ.

ಗಣಕದ ಒಳಗಿನ ವ್ಯವಹಾರವನ್ನು ಮದುವೆಮನೆಯ ಅಡುಗೆಗೆ ಹೋಲಿಸಬಹುದು. ಲೆಕ್ಕಾಚಾರಗಳನ್ನೆಲ್ಲ ನಡೆಸುವ ಪ್ರೊಸೆಸರ್ ಬಾಣಸಿಗನಿದ್ದಂತೆ. ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯು ಅವನ ಕೈಗೆಟಕುವ ಕಟ್ಟೆ. ಕಡತಗಳನ್ನು ಶಾಶ್ವತವಾಗಿ ಇರಿಸುವ ಡಿಸ್ಕ್ ಉಗ್ರಾಣ. ಕಟ್ಟೆಯ ಮೇಲಿರುವುದು ಕ್ಷಣಮಾತ್ರದಲ್ಲಿ ದೊರೆಯುತ್ತದೆ. ಆದರೆ ವಿದ್ಯುತ್ತು ನಿಂತೊಡನೆ ಅಳಿಸಿಹೋಗುತ್ತದೆ. ಉಗ್ರಾಣದಲ್ಲಿರುವುದು ಉಳಿಯುತ್ತದೆ, ಆದರೆ ಅದನ್ನು ತರಲು ಹೊತ್ತು ಬೇಕು. ಕಟ್ಟೆ ಇಕ್ಕಟ್ಟಾದಾಗ ಅಲ್ಲಿಯ ಸಾಮಗ್ರಿಯನ್ನು ಪದೇ ಪದೇ ಉಗ್ರಾಣಕ್ಕೆ ಸಾಗಿಸಿ ಮತ್ತೆ ತರಬೇಕಾಗುತ್ತದೆ. ಬಾಣಸಿಗನು ಎಷ್ಟೇ ಸಮರ್ಥನಾಗಿದ್ದರೂ ಕೈಕಟ್ಟಿ ಕಾಯುತ್ತಾನೆ. ಇಂತಹ ಯಂತ್ರಕ್ಕೆ ರ‍್ಯಾಮನ್ನು ಹೆಚ್ಚಿಸುವುದೇ ತಕ್ಕ ಪರಿಹಾರ.

ಉಗ್ರಾಣದ ವೇಗವೂ ಅಷ್ಟೇ ಮುಖ್ಯ. ಐಬಿಎಂ ಸಂಸ್ಥೆಯು 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಮುಂದೆ ಲ್ಯಾಪ್‌ಟಾಪ್‌ಗಳಿಗೆ ಬಂದ ಅಂಗೈಯಗಲದ ಡಿಸ್ಕ್‌ಗಳೂ ಇದೇ ತತ್ತ್ವವನ್ನು ಅನುಸರಿಸಿದವು. ತಟ್ಟೆಯು ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತದೆ. ಓದುವ ತೋಳು ಬೇಕಾದ ಸ್ಥಳಕ್ಕೆ ಸರಿಯುತ್ತದೆ. ಇದಕ್ಕೆ ತಗಲುವ ಕಾಲ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು. ಮನುಷ್ಯನಿಗೆ ಇದು ಅತ್ಯಲ್ಪವಾದರೂ ಪ್ರೊಸೆಸರ್‌ಗೆ ದೀರ್ಘ ನಿರೀಕ್ಷೆ. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೊ ಮಸುಓಕ ಅವರು 1984ರಲ್ಲಿ ಫ್ಲ್ಯಾಶ್ ಸ್ಮೃತಿಯನ್ನು ಲೋಕಕ್ಕೆ ಪರಿಚಯಿಸಿದರು. ಅದನ್ನು ಆಧರಿಸಿದ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. ಆದುದರಿಂದ ಅದು ಬೇಕಾದ ಮಾಹಿತಿಯನ್ನು ನೂರು ಪಟ್ಟು ಬೇಗ ಹುಡುಕಿಕೊಡಬಲ್ಲದು. ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಇದಕ್ಕಿಂತ ಫಲಕಾರಿಯಾದ ಬದಲಾವಣೆ ಇನ್ನೊಂದಿಲ್ಲ.

ಆದರೆ ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಸಲ್ಲದು. ಲ್ಯಾಪ್‌ಟಾಪ್‌ನ ಡಿಡಿಆರ್3 ರ‍್ಯಾಮ್ ಹಲಗೆಗೆ 204 ಸಂಪರ್ಕಬಿಂದುಗಳಿದ್ದರೆ ಡಿಡಿಆರ್4ಕ್ಕೆ 260 ಇವೆ. ಒಂದರ ಸ್ಥಾನದಲ್ಲಿ ಇನ್ನೊಂದು ಕೂಡುವುದಿಲ್ಲ. ಎಸ್‌ಎಸ್‌ಡಿಗಳಲ್ಲಿಯೂ ಎರಡೂವರೆ ಅಂಗುಲದ ಪೆಟ್ಟಿಗೆಯಂತಹವು, 22 ಮಿಲಿಮೀಟರ್ ಅಗಲದ ತೆಳುಪಟ್ಟಿಯಂತಹವು ಎಂಬ ಭೇದವುಂಟು. ಕೊಳ್ಳುವ ಮುನ್ನ ತಯಾರಕರ ಕೈಪಿಡಿಯನ್ನು ನೋಡುವುದು ಅವಶ್ಯ. ಕೆಲಸಕ್ಕೆ ತೊಡಗುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ವಿದ್ಯುತ್ ಸಂಪರ್ಕವನ್ನೂ ಬ್ಯಾಟರಿಯ ಸಂಪರ್ಕವನ್ನೂ ಬಿಡಿಸಬೇಕು. ದೇಹದಲ್ಲಿ ಸಂಗ್ರಹವಾಗುವ ಸ್ಥಿರ ವಿದ್ಯುತ್ತು ನಮ್ಮ ಅರಿವಿಗೆ ಬಾರದಷ್ಟು ಅಲ್ಪವಾಗಿದ್ದರೂ ಸೂಕ್ಷ್ಮ ಬಿಲ್ಲೆಗಳನ್ನು ಕೆಡಿಸಬಲ್ಲದು. ಅದನ್ನು ನೆಲಕ್ಕೆ ಹರಿಯಿಸುವ ಕೈಪಟ್ಟಿಯನ್ನು ಧರಿಸುವುದು ಕ್ಷೇಮ. ಉಬ್ಬಿದ ಬ್ಯಾಟರಿಯನ್ನಂತೂ ಚುಚ್ಚಬಾರದು, ಬಗ್ಗಿಸಬಾರದು. ಅದು ಹೊತ್ತಿಕೊಳ್ಳುವ ಅಪಾಯವಿದೆ.

ಇಷ್ಟೆಲ್ಲ ತಿಳಿದರೂ ಕೆಲವು ಯಂತ್ರಗಳಲ್ಲಿ ಬದಲಾವಣೆ ಸಾಧ್ಯವಾಗದು. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನು ಮುಖ್ಯ ಫಲಕಕ್ಕೆ ಬೆಸೆದಿರುತ್ತಾರೆ. ಆಪಲ್ ಸಂಸ್ಥೆಯು 2012ರಲ್ಲಿ ಹೊರತಂದ ರೆಟಿನಾ ಪರದೆಯ ಮ್ಯಾಕ್‌ಬುಕ್ ಪ್ರೊದಲ್ಲಿ ರ‍್ಯಾಮನ್ನೂ ಬೆಸೆದು, ಬ್ಯಾಟರಿಯನ್ನು ಅಂಟಿನಿಂದ ಕೂರಿಸಲಾಗಿತ್ತು. ಇದರಿಂದ ಯಂತ್ರವು ತೆಳುವಾಗುತ್ತದೆ, ಹಗುರವಾಗುತ್ತದೆ ಎಂಬುದು ದಿಟ. ಆದರೆ ಕೊಳ್ಳುವ ದಿನ ಆರಿಸಿದ ಸ್ಮೃತಿಯೇ ಕೊನೆಯವರೆಗಿನ ಸ್ಮೃತಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಫ್ರೇಮ್‌ವರ್ಕ್ ಎಂಬ ಅಮೆರಿಕದ ಸಂಸ್ಥೆಯು 2021ರಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಪರದೆ, ಮುಖ್ಯ ಫಲಕ ಇವೆಲ್ಲವನ್ನೂ ಬಳಕೆದಾರನೇ ಬದಲಿಸಬಹುದಾದ ಲ್ಯಾಪ್‌ಟಾಪನ್ನು ಮಾರುಕಟ್ಟೆಗೆ ತಂದಿತು. ತೆಳುವಾದ ಯಂತ್ರವೂ ಬಿಚ್ಚಿ ಕೂಡಿಸುವಂತಿರಬಹುದೆಂಬುದು ಇದರಿಂದ ಸಿದ್ಧವಾಯಿತು.

ಇದು ಕೇವಲ ಹಣದ ಉಳಿತಾಯದ ಮಾತಲ್ಲ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದುದು ಅದರಲ್ಲಿ ಕಾಲು ಭಾಗಕ್ಕಿಂತಲೂ ಕಡಿಮೆ. ಉಳಿದುದರಲ್ಲಿ ಸೀಸ, ಪಾದರಸಗಳಂತಹ ವಿಷಗಳು ಮಣ್ಣಿಗೂ ನೀರಿಗೂ ಸೇರುವ ಭಯವಿದೆ. ಒಂದು ಯಂತ್ರದ ಆಯುಷ್ಯ ನಾಲ್ಕು ವರ್ಷ ಹೆಚ್ಚಿದರೆ ಅಷ್ಟು ಕಾಲ ಇನ್ನೊಂದು ಯಂತ್ರದ ಅಗತ್ಯ ತಪ್ಪುತ್ತದೆ. ಆದಕಾರಣ ಲ್ಯಾಪ್‌ಟಾಪ್ ಕೊಳ್ಳುವವನು ಅದರ ಬೆಲೆಯನ್ನೂ ಅಂದವನ್ನೂ ವಿಚಾರಿಸುವಂತೆಯೇ, ಅದನ್ನು ಬಿಚ್ಚಿ ಸರಿಪಡಿಸಬಹುದೇ ಎಂಬುದನ್ನೂ ವಿಚಾರಿಸಬೇಕು. ಕೊಳ್ಳುವವರು ಈ ಪ್ರಶ್ನೆಯನ್ನು ಕೇಳತೊಡಗಿದರೆ ತಯಾರಿಸುವವರು ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಅಭ್ಯಾಸ

1. ರ‍್ಯಾಮ್ ಸಾಲದಾದಾಗ ಗಣಕವು ನಿಧಾನವಾಗಲು ಕಾರಣವೇನು?
2. ಹಾರ್ಡ್ ಡಿಸ್ಕ್‌ಗೂ ಎಸ್‌ಎಸ್‌ಡಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
3. ಭಾಗಗಳನ್ನು ಬೆಸೆಯುವುದರಿಂದಾಗುವ ಅನುಕೂಲ, ಅನನುಕೂಲಗಳನ್ನು ತಿಳಿಸಿರಿ.