ನಿಂತ ಕಾರು, ಕೂಗುವ ಅಲಾರಂ

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡುತ್ತಾರೆ, ನೀರಿನ ವಾಲ್ವ್ ತಿರುಗಿಸುತ್ತಾರೆ, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳುತ್ತಾರೆ. ಕಾರಿಗೆ ಮಾತ್ರ ಒಂದು ಕವರ್ ಹೊದಿಸಿ, ಕೀಲಿಯನ್ನು ಸೆಕ್ಯುರಿಟಿಯವರ ಕೈಗಿತ್ತು, ‘ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಪ್ಪ’ ಎಂದು ವಿಮಾನ ಹತ್ತುತ್ತಾರೆ. ಒಂದೂವರೆ ತಿಂಗಳಾಗುವಷ್ಟರಲ್ಲಿ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೂರು: ‘ಬೇಸ್‌ಮೆಂಟಿನ ಬಿಳಿ ಕಾರು ಯಾರದು? ಬೆಳಗಿನ ಜಾವ ನಾಲ್ಕಕ್ಕೆ ಬಡಕೊಳ್ಳುತ್ತಿದೆ.’ ಇನ್ನೆರಡು ವಾರ ಕಳೆದರೆ ಅದೂ ಇಲ್ಲ. ಬ್ಯಾಟರಿ ಪೂರ್ತಿ ಇಳಿದು ಕಾರು ಮೌನವಾಗಿರುತ್ತದೆ.

ಇವೆರಡೂ ಬೇರೆ ಬೇರೆ ಕಾಯಿಲೆಯಲ್ಲ. ಲಾಕ್ ಮಾಡಿದ ಮೇಲೂ ಕಾರು ಎಚ್ಚರವಾಗಿಯೇ ಇರುತ್ತದೆ. ಅಲಾರಂ, ರಿಮೋಟಿನ ಸಂಕೇತಕ್ಕೆ ಕಾದು ಕೂತ ರಿಸೀವರ್, ಗಡಿಯಾರ ಎಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪ್ ಹೀರುತ್ತವೆ. ಸಣ್ಣ ಕಾರಿನ 35 ಎಎಚ್ ಬ್ಯಾಟರಿಗೆ ಲೆಕ್ಕ ಹಾಕಿ. 50 ಮಿಲಿಆಂಪ್ ಎಂದರೆ ದಿನಕ್ಕೆ 1.2, ತಿಂಗಳಿಗೆ 36 ಆಂಪ್-ಅವರ್. ಬ್ಯಾಟರಿ ಅಲ್ಲಿಗೇ ಮುಗಿಯಿತು. ಅದರ ಮೇಲೆ ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಇದ್ದರೆ ಕೇಳುವುದೇ ಬೇಡ. (ಫಾಸ್ಟ್ಯಾಗ್ ಕೂಡ ಕರೆಂಟ್ ತಿನ್ನುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಇಲ್ಲ, ಅದು ಬರೀ ಗಾಜಿಗೆ ಅಂಟಿದ ಚೀಟಿ. ಕಾರಿನ ವೈರಿಗೂ ಅದಕ್ಕೂ ಸಂಬಂಧವಿಲ್ಲ.)

ವೋಲ್ಟೇಜ್ ಇಳಿದಂತೆ ಅಲಾರಂ ತಪ್ಪು ಲೆಕ್ಕ ಹಾಕಲು ಶುರುಮಾಡುತ್ತದೆ. ಕೆಲವು ಸೈರನ್‌ಗಳ ಹೊಟ್ಟೆಯಲ್ಲೇ ಪುಟ್ಟ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿ ಕುಸಿದರೆ ಕಳ್ಳ ವೈರ್ ಕತ್ತರಿಸಿದನೆಂದೇ ಅದು ತಿಳಿಯುತ್ತದೆ. ಬೆಳಗಿನ ಜಾವದ ಚಳಿಗೆ ವೋಲ್ಟೇಜ್ ಇನ್ನೊಂದಿಷ್ಟು ಜಾರುವುದರಿಂದ ಡಿಸೆಂಬರ್-ಜನವರಿಯಲ್ಲಿ ಈ ಕೂಗು ಹೆಚ್ಚು.

ಹಾಗಾಗಿ ಅಲಾರಂ ಸುಮ್ಮಸುಮ್ಮನೆ ಕೂಗಿದರೆ ಅಲಾರಂ ಬಿಚ್ಚಿಸಬೇಡಿ, ಮೊದಲು ಬ್ಯಾಟರಿ ಅಳೆಯಿರಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಕಾರು ರಾತ್ರಿಯಿಡೀ ನಿಂತಿರಬೇಕು. ಈಗಷ್ಟೇ ಓಡಿಸಿ ತಂದು ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. 12.6 ಬಂದರೆ ತುಂಬಿದೆ. 12.4 ಪರವಾಗಿಲ್ಲ. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಬಂದರೆ ಮಿಕ್ಕ ಪರೀಕ್ಷೆ ಆಮೇಲೆ, ಮೊದಲು ಚಾರ್ಜ್ ಮಾಡಿಸಿ. ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ. ಇಂಜಿನ್ ಓಡುತ್ತಿರುವಾಗ ಮೀಟರ್ 13.8ರಿಂದ 14.5ರವರೆಗೆ ತೋರಿಸದಿದ್ದರೆ ತಪ್ಪು ಬ್ಯಾಟರಿಯದಲ್ಲ, ಆಲ್ಟರ್ನೇಟರ್ ಕಡೆ ನೋಡಬೇಕು.

ಬ್ಯಾಟರಿ ಸರಿಯಿದ್ದೂ ಕೂಗುತ್ತದೆಯೇ? ಟರ್ಮಿನಲ್ ಅಲ್ಲಾಡಿಸಿ ನೋಡಿ. ಕೈಯಲ್ಲಿ ತಿರುಗಿದರೆ ಅದೇ ಕಾರಣ. ಬಿಳಿ-ನೀಲಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ಸವರಿ. ಆಮೇಲೆ ಬಾನೆಟ್ ಸ್ವಿಚ್. ಮುಚ್ಚಿದ ಬಾನೆಟ್ ಒತ್ತಿಕೊಂಡಿರುವ ಈ ಗುಂಡಿ ನಮ್ಮ ಧೂಳು-ಮಳೆಗೆ ತುಕ್ಕು ಹಿಡಿದು ಅರ್ಧದಲ್ಲೇ ನಿಂತುಬಿಡುತ್ತದೆ. ಬಾನೆಟ್ ತೆರೆದಿದೆ ಎಂದೇ ಕಾರು ನಂಬುತ್ತದೆ. ಬಾಗಿಲುಗಳ ಸ್ವಿಚ್‌ಗೂ ಇದೇ ರೋಗ. ಪತ್ತೆ ಸುಲಭ: ಎಲ್ಲ ಮುಚ್ಚಿದ ಮೇಲೂ ಒಳಗಿನ ದೀಪ ಆರದಿದ್ದರೆ ಅಥವಾ ಬಾಗಿಲು ತೆರೆದಿದೆ ಎಂದು ಮೀಟರ್ ಫಲಕ ತೋರಿಸುತ್ತಿದ್ದರೆ ಒಂದೊಂದೇ ಬಾಗಿಲು, ಕೊನೆಗೆ ಡಿಕ್ಕಿ ಬಡಿದು ನೋಡಿ.

ಅಂಗಡಿಯಲ್ಲಿ ಹಾಕಿಸಿದ ಅಲಾರಂ ಆದರೆ ಶಾಕ್ ಸೆನ್ಸರ್ ಮೇಲೆ ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಕೊನೆಯವರೆಗೂ ಏರಿಸಿಟ್ಟರೆ ಬೆಕ್ಕು ಹಾರಿದರೂ ಗುಡುಗು ಹೊಡೆದರೂ ಕೂಗುತ್ತದೆ. ದೀಪಾವಳಿಯ ಮೂರು ರಾತ್ರಿಯಂತೂ ಬೀದಿಯ ಕಾರುಗಳದ್ದೇ ಬೇರೆ ಪಟಾಕಿ. ಸ್ವಲ್ಪ ಇಳಿಸಿ, ಅಂಗೈಯಿಂದ ಗಾಜು ತಟ್ಟಿ ಪರೀಕ್ಷಿಸಿ. ಕಾರಿನೊಳಗಿನ ಚಲನೆ ಗಮನಿಸುವ ಸೆನ್ಸರ್ ಇದ್ದರೆ ಗಾಜು ಒಂದು ಬೆರಳು ತೆರೆದಿಟ್ಟರೂ ಒಳನುಗ್ಗುವ ಗಾಳಿಗೆ ಅದು ಬೆಚ್ಚುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಇಲಿ ವೈರ್ ಕಡಿದಿದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಲಿ. ಇನ್ಸುಲೇಷನ್ ಟೇಪು ಸುತ್ತಿ ನೀವೇ ರಿಪೇರಿಗೆ ಇಳಿಯಬೇಡಿ.

ಈಗ ಆ ‘ಹತ್ತು ನಿಮಿಷ ಸ್ಟಾರ್ಟ್ ಮಾಡಪ್ಪ’ ಮಾತಿಗೆ ಬರೋಣ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದರದ್ದೇ ಫಲ. ‘ವಾರವಾರವೂ ಸ್ಟಾರ್ಟ್ ಮಾಡಿಸಿದ್ದೇವೆ ಸಾರ್, ಆದರೂ ಬ್ಯಾಟರಿ ಹೋಯಿತು’ ಎನ್ನುತ್ತಾರೆ. ಹೋಗದೇ ಇರುತ್ತದೆಯೇ? ಆ ಹತ್ತು ನಿಮಿಷ ಯಾತಕ್ಕೂ ಸಾಲದು. 30 ಮಿಲಿಆಂಪ್ ಎಂದೇ ಇಟ್ಟುಕೊಳ್ಳಿ, ವಾರದ 168 ಗಂಟೆಗೆ ಬ್ಯಾಟರಿ ಕಳೆದುಕೊಂಡದ್ದು ಸುಮಾರು 5 ಆಂಪ್-ಅವರ್. ನಿಂತಲ್ಲೇ ಓಡುವ ಇಂಜಿನ್ನಿನಿಂದ ಬ್ಯಾಟರಿಗೆ 6 ಆಂಪ್ ಹೋಯಿತೆಂದರೂ ಹತ್ತು ನಿಮಿಷಕ್ಕೆ ಸಿಗುವುದು 1 ಆಂಪ್-ಅವರ್. ಎಸಿ, ಫ್ಯಾನು ಹಾಕಿದ್ದರೆ ಅದೂ ಇಲ್ಲ. ಬಾಗಿಲು ತೆಗೆದ ಕ್ಷಣ ಕಾರಿನ ಕಂಪ್ಯೂಟರುಗಳೆಲ್ಲ ಎದ್ದು ಕೂರುತ್ತವೆ. ಲಾಕ್ ಮಾಡಿದ ಮೇಲೂ ಅವು ಮತ್ತೆ ಮಲಗಲು ಸಮಯ ಬೇಕು, ಆ ಖರ್ಚು ಬೇರೆ. ತಿಂಗಳಿಗೆ ಐದು ಸಾವಿರ ಖರ್ಚು ಮಾಡಿ ಒಂದು ಸಾವಿರ ಉಳಿತಾಯ ಖಾತೆಗೆ ಕಟ್ಟಿದಂತೆ.

ಇಂಜಿನ್ನಿಗೂ ಅದರಿಂದ ಒಳ್ಳೆಯದಾಗುವುದಿಲ್ಲ. ಪೆಟ್ರೋಲ್ ಉರಿದರೆ ನೀರಿನ ಆವಿ ಹುಟ್ಟುತ್ತದೆ. ಹತ್ತು ನಿಮಿಷದಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲವಾದ್ದರಿಂದ ಆ ನೀರು ಒಳಗೇ ಉಳಿದು ತುಕ್ಕು ತಿನ್ನುತ್ತದೆ. ಆಯಿಲ್‌ಗೂ ತೇವ ಸೇರುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರಾದರೆ ನಿಂತಲ್ಲೇ ಓಡಿಸಿ ಓಡಿಸಿ ಹೊಗೆ ಸೋಸುವ ಫಿಲ್ಟರ್ ಮಸಿ ಕಟ್ಟುತ್ತದೆ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಬೇರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸೆಕ್ಯುರಿಟಿಯವರನ್ನು ದೂರಬೇಡಿ. ಅವರು ಮಾಡಿದ್ದು ನೀವು ಹೇಳಿದ್ದನ್ನೇ. ಲೈಸೆನ್ಸ್ ಇರುವ ನಂಬಿಕಸ್ಥರು ಯಾರಾದರೂ ಇದ್ದರೆ ಎರಡು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ರಿಂಗ್ ರೋಡಿನಲ್ಲಿ ಓಡಿಸಿ ತರಲಿ. ಇಲ್ಲವಾದರೆ ಕಾರನ್ನು ಮುಟ್ಟದಿರುವುದೇ ವಾಸಿ.

ಮುಟ್ಟದಿರಲು ಮೈನಸ್ ತಂತಿ ಬಿಚ್ಚಿಡಬೇಕು. ಅದಕ್ಕೂ ಮುಂಚೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಚಾರ್ಜ್ ಆದ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿಸಿ. ಅಡುಗೆಮನೆಯ ಆರ್‌ಒ ನೀರು ಅದಲ್ಲ. ಮನೆಯ ಇನ್ವರ್ಟರಿಗೆ ಸಿಕ್ಕಿಸಿ ಚಾರ್ಜ್ ಮಾಡುವ ಸಾಹಸವೂ ಬೇಡ, ಅದರ ಕರೆಂಟು ಈ ಸಣ್ಣ ಬ್ಯಾಟರಿಗೆ ಹೆಚ್ಚಾದೀತು. ಕಾರಿನ ಕೈಪಿಡಿಯಲ್ಲಿ ಬ್ಯಾಟರಿಯ ಪುಟವನ್ನೊಮ್ಮೆ ಓದಿ. ಸ್ಟೀರಿಯೊಗೆ ಕೋಡ್ ಬೇಕೇ, ಬ್ಯಾಟರಿ ಇಳಿದಾಗ ಡಿಕ್ಕಿ ತೆರೆಯುವುದು ಹೇಗೆ ಎಂಬುದೆಲ್ಲ ಅಲ್ಲಿರುತ್ತದೆ. ರಿಮೋಟಿನ ಹೊಟ್ಟೆಯಲ್ಲಿ ಅಡಗಿರುವ ಲೋಹದ ಕೀಲಿಯನ್ನು ಈಗಲೇ ಹೊರಗೆಳೆದು, ಚಾಲಕನ ಬಾಗಿಲು ಅದರಿಂದ ತೆರೆಯುತ್ತದೆಯೇ ಎಂದು ನೋಡಿ. ವರ್ಷಗಟ್ಟಲೆ ಬಳಸದ ಆ ಬೀಗ ಜಡ್ಡುಗಟ್ಟಿರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ರಿಮೋಟು ಕೆಲಸ ಮಾಡುವುದಿಲ್ಲ.

ಉಂಗುರ, ವಾಚು, ಬಳೆ ತೆಗೆದಿಡಿ. ಹತ್ತನೇ ನಂಬರಿನ ಸ್ಪ್ಯಾನರ್ ಹೆಚ್ಚಿನ ಕಾರುಗಳಿಗೆ ಆಗುತ್ತದೆ. ಬಿಚ್ಚುವಾಗ ಮೊದಲು ಮೈನಸ್, ಕೂಡಿಸುವಾಗ ಕೊನೆಗೆ ಮೈನಸ್. ನಾನೊಮ್ಮೆ ಅವಸರದಲ್ಲಿ ಪ್ಲಸ್‌ಗೆ ಸ್ಪ್ಯಾನರ್ ಹಾಕಿ ತಿರುಗಿಸಿದ್ದೆ. ಅದರ ಇನ್ನೊಂದು ತುದಿ ಕಾರಿನ ಮೈಗೆ ತಾಗಿ ಬೆಂಕಿ ಚಿಮ್ಮಿತು. ಸ್ಪ್ಯಾನರಿನ ಹಲ್ಲು ಕರಗಿದ ಗುರುತು ಇವತ್ತಿಗೂ ಇದೆ. ಮೈನಸ್ ತೆಗೆದಿದ್ದರೆ ಕಾರಿನ ಮೈ ತಾಗಿದರೂ ಏನೂ ಆಗುತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ತಾನಾಗಿ ಇಂಜಿನ್ ನಿಲ್ಲುವ ಕಾರುಗಳಲ್ಲಿ ಮೈನಸ್ ತಲೆಗೇ ಒಂದು ಸೆನ್ಸರ್ ಅಂಟಿಕೊಂಡಿರುತ್ತದೆ, ಅದನ್ನು ಎಳೆದಾಡಬೇಡಿ. ಬಿಚ್ಚಿದ ತಂತಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿಡಿ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಿ. ಅಲಾರಂ ಸತ್ತಿರುತ್ತದೆ ಎಂಬುದು ನೆನಪಿರಲಿ. ರಸ್ತೆಬದಿ ನಿಲ್ಲಿಸುವವರಿಗೆ ಈ ದಾರಿ ಹೇಳಲಾರೆ.

ಪ್ಲಗ್ ಪಾಯಿಂಟ್ ಹತ್ತಿರವಿದ್ದರೆ ತಾನಾಗಿ ನಿಲ್ಲುವ, ತಾನಾಗಿ ಶುರುವಾಗುವ ಸ್ಮಾರ್ಟ್ ಚಾರ್ಜರ್ ಸಿಕ್ಕಿಸಿಟ್ಟರೆ ಇದ್ಯಾವುದೂ ಬೇಕಿಲ್ಲ. ಊರಿಂದ ಬಂದು ಮೈನಸ್ ಕೂಡಿಸಿದೊಡನೆ ಹಲವು ಕಾರು ಕಿರುಚುತ್ತವೆ. ಗಾಬರಿಯಾಗಿ ತಂತಿ ಮತ್ತೆ ಕೀಳಬೇಡಿ, ರಿಮೋಟಿನ ಅನ್‌ಲಾಕ್ ಒತ್ತಿ. ಗಡಿಯಾರ ಸರಿಪಡಿಸಿ, ಪವರ್ ವಿಂಡೋ ಒಮ್ಮೆ ಪೂರ್ತಿ ಇಳಿಸಿ ಏರಿಸಿ.

ಎಲೆಕ್ಟ್ರಿಕ್ ಕಾರಿನವರಿಗೆ ಇದು ಸಂಬಂಧವಿಲ್ಲ ಎನ್ನಬೇಡಿ, ಅದರಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಅದನ್ನು ಬಿಚ್ಚುವ ಮುನ್ನ ಕಂಪನಿಯ ಕೈಪಿಡಿ ನೋಡಿ. ಇನ್ನು ಶಿಕಾಗೊ, ಟೊರಾಂಟೊ ಕಡೆ ಇರುವ ಮಕ್ಕಳು ಚಳಿಗಾಲದಲ್ಲಿ ಊರಿಗೆ ಬರುವ ಮುನ್ನ ಬ್ಯಾಟರಿ ತುಂಬಿಸಿಟ್ಟು ಬರಲಿ. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟದು, ಪೂರ್ತಿ ಇಳಿದದ್ದು ಮೈನಸ್ ಹತ್ತರ ಆಸುಪಾಸಿನಲ್ಲೇ ಗಟ್ಟಿಯಾಗಿ ಬಿರುಕು ಬಿಡಬಹುದು. ಹಾಗೆ ಹೆಪ್ಪುಗಟ್ಟಿದ ಬ್ಯಾಟರಿಗೆ ಜಂಪ್ ಸ್ಟಾರ್ಟ್ ಕೊಡಬಾರದು, ಸಿಡಿಯಬಹುದು.