ಕಾಗದದ ಪುಷ್ಪಕ

ರಾಮಾಯಣದ ಪುಷ್ಪಕ ವಿಮಾನದ ಕಥೆ ನಾವೆಲ್ಲ ಕೇಳಿದ್ದೇವೆ. ಅದೇ ಹೆಸರಿನ ಪುಟ್ಟ ವಿಮಾನ ಬೆಂಗಳೂರಿನಲ್ಲೇ ತಯಾರಾಯಿತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅದನ್ನು ಮಾಡಿತು. 1958ರಲ್ಲಿ ಅದು ಮೊದಲ ಸಲ ಹಾರಿತು. ಇಬ್ಬರು ಕೂರಬಹುದಿತ್ತು. ರೆಕ್ಕೆಗೆ ಹೊದಿಸಿದ್ದು ಬಟ್ಟೆ! ವಿಮಾನ ನಡೆಸಲು ಕಲಿಯುವವರು ಅದರಲ್ಲಿ ಕಲಿತರು.

ಬನ್ನಿ, ನಾವೂ ಒಂದು ಪುಷ್ಪಕ ಮಾಡೋಣ.

ಅಳತೆ

ನಿಜವಾದ ಪುಷ್ಪಕದ ರೆಕ್ಕೆ ಈ ತುದಿಯಿಂದ ಆ ತುದಿಗೆ 36 ಅಡಿ. ಮೂತಿಯಿಂದ ಬಾಲಕ್ಕೆ ಸುಮಾರು 21 ಅಡಿ. ನಾವು 6 ಅಡಿಗೆ 1 ಅಂಗುಲ ಅಂತ ಇಟ್ಟುಕೊಳ್ಳೋಣ. ಆಗ ರೆಕ್ಕೆ 6 ಅಂಗುಲ. ಒಡಲು ಮೂರೂವರೆ ಅಂಗುಲ.

ಬೇಕಾದ್ದು

ದಪ್ಪನೆಯ ಹಳೆಯ ಲಗ್ನಪತ್ರಿಕೆ, ಸ್ಕೇಲು, ಪೆನ್ಸಿಲ್, ಕತ್ತರಿ, ಬ್ಲೇಡು, ಮೈದಾ ಅಂಟು, ಕಾಗದಕ್ಕೆ ಹಾಕುವ ಒಂದು ಕ್ಲಿಪ್.

ಮಾಡುವುದು

1. ಕಾಗದವನ್ನು ಎರಡು ಪದರ ಮಾಡಿ ಅಂಟಿಸಿ. ಒಣಗಲಿ. ಅದರ ಮೇಲೆ ಒಡಲಿನ ಚಿತ್ರ ಬರೆದು ಕತ್ತರಿಸಿ. ಮುಂದೆ ದಪ್ಪ, ಹಿಂದೆ ಸಣ್ಣ, ಬಾಲ ಮೇಲಕ್ಕೆ.
2. ಒಂದೇ ಪದರದ ಕಾಗದದಲ್ಲಿ ರೆಕ್ಕೆ ಕತ್ತರಿಸಿ. 6 ಅಂಗುಲ ಉದ್ದ, 1 ಅಂಗುಲ ಅಗಲ. ಬಾಲಕ್ಕೆ 2 ಅಂಗುಲದ ಸಣ್ಣ ಪಟ್ಟಿ ಸಾಕು.
3. ಪುಷ್ಪಕದ ರೆಕ್ಕೆ ಕೂತವರ ತಲೆಯ ಮೇಲಿತ್ತು. ಹಾಗಾಗಿ ಒಡಲಿನ ಮೇಲ್ಭಾಗದಲ್ಲಿ, ಮೂತಿಯಿಂದ ಮುಕ್ಕಾಲು ಅಂಗುಲ ಹಿಂದೆ, ಬ್ಲೇಡಿನಿಂದ ಸೀಳಿ. ರೆಕ್ಕೆ ತೂರಿಸಿ ಅಂಟಿಸಿ. ಎರಡೂ ಕಡೆ ಸಮ ಇರಲಿ. ಬಾಲದ ಪಟ್ಟಿಯನ್ನೂ ಹಾಗೇ ತೂರಿಸಿ.
4. ಮೂತಿಗೆ ಕ್ಲಿಪ್ ಹಾಕಿ. ಮೆಲ್ಲಗೆ ಮುಂದಕ್ಕೆ ಬಿಡಿ. ಮೂತಿ ಎತ್ತಿ ಬಿದ್ದರೆ ಮುಂದೆ ಭಾರ ಸಾಲದು. ಮೂತಿ ಕೆಳಗಾಗಿ ಬಿದ್ದರೆ ಭಾರ ಹೆಚ್ಚು.

ಅಕ್ಕನ ವಿಮಾನ

ನಮ್ಮ ಕೇಂದ್ರದ ಒಬ್ಬ ಅಕ್ಕನ ವಿಮಾನ ಕಲ್ಲಿನ ಹಾಗೆ ಬಿತ್ತು.

"ನನ್ನ ಕೈಲಿ ಆಗಲ್ಲ ಬಿಡಿ ಟೀಚರೇ. ಈ ವಯಸ್ಸಿಗೆ ಇದೆಲ್ಲ ಯಾಕೆ?" ಅಂತ ಎದ್ದರು. ಮಗಳು ಪಕ್ಕದಲ್ಲೇ ನಿಂತಿದ್ದಳು.

"ರೆಕ್ಕೆ ಇನ್ನೊಂದು ಸಲ ಅಳೆಯಿರಿ ಅಕ್ಕ" ಅಂದೆ.

ಅಳೆದರು. 6 ಸರಿಯಾಗೇ ಇತ್ತು. ಆದರೆ ಅದು 6 ಸೆಂಟಿಮೀಟರ್! ಅಂಗುಲ ಇದ್ದದ್ದು ಸ್ಕೇಲಿನ ಇನ್ನೊಂದು ಅಂಚಿನಲ್ಲಿ. ಸುಮಾರು ಎರಡೂವರೆ ಸೆಂಟಿಮೀಟರ್ ಸೇರಿದರೆ 1 ಅಂಗುಲ. ರೆಕ್ಕೆ ಅರ್ಧಕ್ಕಿಂತ ಗಿಡ್ಡವಾಗಿತ್ತು.

ಅಕ್ಕ ನಕ್ಕುಬಿಟ್ಟರು. "ಅಂಕಿ ಓದಿದೆ. ಪಕ್ಕದ ಹೆಸರು ಓದಲಿಲ್ಲ!"

ಹೊಸ ರೆಕ್ಕೆ ಹಾಕಿದರು. ವಿಮಾನ ಬಾಗಿಲ ತನಕ ಹಾರಿತು. ಮಗಳು ಚಪ್ಪಾಳೆ ತಟ್ಟಿದಳು.

ಬಟ್ಟೆ ಅಂಗಡಿಯಲ್ಲಿ ಮೀಟರ್ ಇದೆ. ಔಷಧಿ ಸೀಸೆಯ ಮೇಲೆ ಮಿಲಿಲೀಟರ್ ಇದೆ. ಅಂಕಿಯ ಜೊತೆ ಅಳತೆಯ ಹೆಸರನ್ನೂ ಓದಿರಿ.

ಅಭ್ಯಾಸ

1. 6 ಅಡಿಗೆ 1 ಅಂಗುಲವಾದರೆ, 18 ಅಡಿಗೆ ಎಷ್ಟು ಅಂಗುಲ?
2. ನಿಮ್ಮ ಮನೆಯ ಮೂರು ಪೊಟ್ಟಣ ನೋಡಿ. ಅಂಕಿಯನ್ನೂ ಅಳತೆಯ ಹೆಸರನ್ನೂ ಬರೆಯಿರಿ.